ಮೇಲಕ್ಕೂ ಕೆಳಕ್ಕೂ ತೆರೆಯಬೇಕಾದ ಬಾಗಿಲು: ಐ–ಲೀಗ್ ಮತ್ತು ಅದರ ಕ್ಲಬ್‌ಗಳು

(ಬೆಂಗಳೂರಿನಲ್ಲಿ ಫುಟ್‌ಬಾಲ್ ಪ್ರಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಅಂದ ಕೂಡಲೇ ನಮ್ಮ ಊರಿನವರಿಗೆ ಕಂಠೀರವ, ನೀಲಿ ಜರ್ಸಿ, ಸುನಿಲ್ ಚೆಟ್ರಿ ನೆನಪಾಗುತ್ತಾರೆ. ಐ–ಲೀಗ್ ಅಂದರೆ ‘ಅದು ಇನ್ನೂ ಇದೆಯಾ?’ ಅಂತ ಕೇಳುವವರೇ ಜಾಸ್ತಿ. ಇದೆ. ಐಜ್ವಾಲ್‌ನಲ್ಲಿ, ಶ್ರೀನಗರದಲ್ಲಿ, ಶಿಲ್ಲಾಂಗ್‌ನಲ್ಲಿ, ಕೋಝಿಕ್ಕೋಡ್‌ನಲ್ಲಿ ಜನ ಅದಕ್ಕಾಗಿ ಕಾಯುತ್ತಾರೆ. 2022–23ರಿಂದ ಅದು ಅಧಿಕೃತವಾಗಿ ನಮ್ಮ ದೇಶದ ಎರಡನೇ ದರ್ಜೆಯ ಲೀಗ್. ಇವತ್ತು ಆ ಲೀಗ್ ಬಗ್ಗೆ, ಅದರಲ್ಲಿ ಆಡುವ ಕ್ಲಬ್‌ಗಳ ಬಗ್ಗೆ ಮಾತಾಡುತ್ತೇನೆ. 2024–25ರ ಋತುವಿನ ತನಕದ ಕತೆ ಇದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ಬೇರೆ ದೇಶಗಳಲ್ಲಿ ಎರಡನೇ ದರ್ಜೆ ಲೀಗ್ ಅಂದರೆ ಮೇಲಿನ ಲೀಗ್‌ನಲ್ಲಿ ಸೋತವರು ಇಳಿದು ಬರುವ, ಕೆಳಗಿನ ಲೀಗ್‌ನಲ್ಲಿ ಗೆದ್ದವರು ಹತ್ತಿ ಬರುವ ಜಾಗ. ನಮ್ಮಲ್ಲಿ ಹಾಗಾಗಲಿಲ್ಲ. ಐ–ಲೀಗ್ ಯಾವ ಪಂದ್ಯವನ್ನೂ ಸೋತು ಎರಡನೇ ದರ್ಜೆಗೆ ಬರಲಿಲ್ಲ. ಅದನ್ನು ಮೇಜಿನ ಮುಂದೆ ಕೂತು ಇಳಿಸಲಾಯಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1996–97ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯಿತು. ಮೊದಲ ಚಾಂಪಿಯನ್ ಪಂಜಾಬಿನ ಫಗ್ವಾಡಾದ ಜೆಸಿಟಿ ಮಿಲ್ಸ್. ನಮ್ಮ ಐಟಿಐ, ಎಚ್‌ಎಎಲ್ ಕೂಡ ಆ ಲೀಗ್‌ನಲ್ಲಿ ಆಡಿದವು. 2007–08ರಲ್ಲಿ ಅದೇ ಲೀಗ್ ಐ–ಲೀಗ್ ಆಯಿತು. ಗೋವಾದ ಡೆಂಪೊ ಮೊದಲ ಚಾಂಪಿಯನ್. ಅಲ್ಲಿಂದ ಮೊದಲ ಆರು ಋತುಗಳ ಪಟ್ಟವೂ ಗೋವಾ ಬಿಟ್ಟು ಹೊರಗೆ ಹೋಗಲಿಲ್ಲ: ಡೆಂಪೊ ಮೂರು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ, ಸಾಲ್ಗಾಂವ್ಕರ್ ಒಂದು ಸಲ. ಆ ಸರಪಳಿ ಕಡಿದದ್ದು ನಮ್ಮ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಋತುವಿನಲ್ಲೇ ಚಾಂಪಿಯನ್. ಆ ವರ್ಷ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಡ್ರಮ್ ಬಾರಿಸಿದವರು ಈ ಸಭೆಯಲ್ಲೂ ಕೆಲವರಿರಬಹುದು.

ಮುಂದಿನ ವರ್ಷದ್ದು ಇನ್ನೂ ಚೆನ್ನಾಗಿ ನೆನಪಿರಬೇಕು. 2015ರ ಮೇ 31, ಕಂಠೀರವ, ಋತುವಿನ ಕೊನೆಯ ದಿನ. ಎದುರಾಳಿ ಮೋಹನ್ ಬಾಗಾನ್. ಗೆದ್ದರೆ ಪಟ್ಟ ನಮ್ಮದು, ಡ್ರಾ ಆದರೆ ಅವರದ್ದು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. 87ನೇ ನಿಮಿಷದವರೆಗೂ ಪಟ್ಟ ಬೆಂಗಳೂರಿನ ಕೈಯಲ್ಲೇ ಇತ್ತು. ಆಮೇಲೆ ಒಂದು ಕಾರ್ನರ್. ಸೋನಿ ನಾರ್ಡೆ ಒದ್ದ ಚೆಂಡಿಗೆ ಬೆಲ್ಲೋ ರಜಾಕ್ ತಲೆ ಕೊಟ್ಟ. 1–1. ಬಾಗಾನ್ ಚಾಂಪಿಯನ್. ಮನೆ ಅಂಗಳದಲ್ಲಿ, ಮೂರು ನಿಮಿಷ ಬಾಕಿ ಇರುವಾಗ. ಲೀಗ್ ಅಂದರೆ ಇದು ಅಲ್ವಾ? ಪ್ಲೇ–ಆಫ್ ಇಲ್ಲ, ಫೈನಲ್ ಇಲ್ಲ. ವರ್ಷಪೂರ್ತಿ ಸೇರಿಸಿದ ಪಾಯಿಂಟ್‌ಗಳು ಒಂದು ಕಾರ್ನರ್‌ಗೆ ಬಂದು ನಿಲ್ಲುತ್ತವೆ.

ಈ ಹೊತ್ತಿಗೆ ಐಎಸ್‌ಎಲ್ ಬಂದಾಗಿತ್ತು. 2010ರಲ್ಲಿ ದೇಶದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್, ಐಎಂಜಿ–ರಿಲಯನ್ಸ್ ಕಂಪನಿ ಜೊತೆ 15 ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಆ ಒಪ್ಪಂದದಿಂದಲೇ 2014ರಲ್ಲಿ ಐಎಸ್‌ಎಲ್ ಹುಟ್ಟಿತು. ಮೊದಲಿಗೆ ಎರಡು ತಿಂಗಳ ಟೂರ್ನಿ. ಹೆಸರಾಂತ ವಿದೇಶಿ ಆಟಗಾರರು, ಸಿನಿಮಾದವರು, ಕ್ರಿಕೆಟಿಗರು ಮಾಲೀಕರು. ಐ–ಲೀಗ್ ಪಕ್ಕದಲ್ಲಿ ತನ್ನ ಪಾಡಿಗೆ ನಡೆಯುತ್ತಿತ್ತು. ಆದರೆ ಟಿವಿ ದುಡ್ಡು, ಜಾಹೀರಾತು, ಗಮನ ಎಲ್ಲ ಒಂದು ಕಡೆ ಹರಿಯತೊಡಗಿತು. 2016ರಲ್ಲಿ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ದ ಗೋವಾ, ಡೆಂಪೊ ಮೂರೂ ಐ–ಲೀಗ್ ಬಿಟ್ಟು ಹೊರನಡೆದವು. ಮೊದಲ ಆರು ಪಟ್ಟಗಳಲ್ಲಿ ನಾಲ್ಕನ್ನು ಗೆದ್ದ ಎರಡು ಕ್ಲಬ್‌ಗಳು ಈ ಮೂರರಲ್ಲಿ ಇದ್ದವು. ಮೇಲಿನ ಲೀಗ್‌ಗೆ ಹೋಗುವ ದಾರಿ ಆಟದಿಂದ ಸಿಗುವುದಿಲ್ಲ ಅಂದಮೇಲೆ ಯಾಕೆ ದುಡ್ಡು ಸುರಿಯಬೇಕು ಅಂತ ಅವರು ಕೇಳಿದ್ದರಲ್ಲಿ ನನಗಂತೂ ತಪ್ಪು ಕಾಣಲಿಲ್ಲ.

ಇದೆಲ್ಲದರ ನಡುವೆ ಐಜ್ವಾಲ್ ನಡೆಯಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐಜ್ವಾಲ್ ಎಫ್‌ಸಿ 2015–16ರಲ್ಲಿ ಐ–ಲೀಗ್‌ಗೆ ಬಂತು, ಅದೇ ವರ್ಷ ಹಿಂಬಡ್ತಿ ಪಡೆಯಿತು. ಗೋವಾ ಕ್ಲಬ್‌ಗಳು ಬಿಟ್ಟು ಹೋದ ಮೇಲೆ ಜಾಗ ಖಾಲಿಯಾಯಿತಲ್ಲ, ಹಾಗಾಗಿ ಮತ್ತೆ ಒಳಗೆ ಕರೆದರು. ಕೋಚ್ ಆಗಿ ಬಂದವರು ಮುಂಬೈ ಎಫ್‌ಸಿ ಕೈಬಿಟ್ಟಿದ್ದ ಖಾಲಿದ್ ಜಮೀಲ್. ದೊಡ್ಡ ಬಜೆಟ್ ಇಲ್ಲ. ಮಿಜೋ ಹುಡುಗರು, ಜೊತೆಗೆ ಬೇರೆ ಕ್ಲಬ್‌ಗಳು ಬೇಡ ಅಂದ ಕೆಲವು ಆಟಗಾರರು. ಆ ತಂಡ ಒಂದೊಂದೇ ಪಂದ್ಯ ಗೆಲ್ಲುತ್ತ ಹೋಯಿತು. ಕೊನೆಯದಕ್ಕೆ ಹಿಂದಿನ ಪಂದ್ಯ ಮೋಹನ್ ಬಾಗಾನ್ ಜೊತೆ, ಐಜ್ವಾಲ್‌ನಲ್ಲಿ. 83ನೇ ನಿಮಿಷದಲ್ಲಿ ಜೊಹ್ಮಿಂಗ್ಲಿಯಾನ ರಾಲ್ಟೆ ಹೆಡರ್. 1–0. ಕೊನೆಯ ಪಂದ್ಯ 2017ರ ಏಪ್ರಿಲ್ 30ರಂದು ಶಿಲ್ಲಾಂಗ್ ಲಾಜಾಂಗ್ ವಿರುದ್ಧ, ಶಿಲ್ಲಾಂಗ್‌ನಲ್ಲಿ. ಬೇಕಿದ್ದದ್ದು ಒಂದೇ ಪಾಯಿಂಟ್. ಒಂಬತ್ತನೇ ನಿಮಿಷದಲ್ಲೇ ಲಾಜಾಂಗ್‌ನ ದಿಪಾಂಡಾ ಗೋಲು ಹೊಡೆದುಬಿಟ್ಟ. ಆಮೇಲೆ ಸುಮಾರು ಒಂದು ಗಂಟೆ ಆಟ ಐಜ್ವಾಲ್ ಹಿಂದೆಯೇ ಇತ್ತು. 67ನೇ ನಿಮಿಷದಲ್ಲಿ ವಿಲಿಯಂ ಲಾಲ್ನುನ್‌ಫೆಲಾ ಸಮ ಮಾಡಿದ. 1–1. ಈಶಾನ್ಯ ಭಾರತದ ಒಂದು ಕ್ಲಬ್ ಮೊದಲ ಸಲ ದೇಶದ ಚಾಂಪಿಯನ್ ಆಯಿತು.

ಈಗ ಇದರ ಮುಂದಿನ ಭಾಗ ಕೇಳಿ. ಅದೇ ಜೂನ್‌ನಲ್ಲಿ ಐಎಸ್‌ಎಲ್‌ಗೆ ಎರಡು ಹೊಸ ತಂಡಗಳು ಸೇರಿದವು. ಒಂದು ಬೆಂಗಳೂರು ಎಫ್‌ಸಿ, ಇನ್ನೊಂದು ಟಾಟಾದವರ ಜಮ್ಶೆಡ್‌ಪುರ. ಎರಡೂ ಬಿಡ್ ಸಲ್ಲಿಸಿ ಬಂದವು. ಅಂಗಳದಲ್ಲಿ ಗೆದ್ದ ಐಜ್ವಾಲ್ ಅಲ್ಲೇ ಉಳಿಯಿತು. ಬೆಂಗಳೂರು ಎಫ್‌ಸಿ ಅದಕ್ಕೆ ಅರ್ಹವಲ್ಲ ಅಂತ ನಾನು ಹೇಳುತ್ತಿಲ್ಲ. ಎರಡು ಸಲ ಚಾಂಪಿಯನ್, 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ನನ್ನದೇ ಊರಿನ ತಂಡ, ಅದರ ಮೇಲೆ ನನಗೆ ಪ್ರೀತಿ ಇದೆ. ಆದರೆ ನಾವು ಹೋದದ್ದು ಟೆಂಡರ್ ಹಾಕಿ. ಐಜ್ವಾಲ್‌ಗೆ ಅದರ ತಾಕತ್ತಿರಲಿಲ್ಲ. ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳಾಗಿ ನಾವು ಇದನ್ನು ಒಪ್ಪಿಕೊಂಡು ಮಾತಾಡಬೇಕು ಅಂತ ನನ್ನ ಅಭಿಪ್ರಾಯ.

ಐಜ್ವಾಲ್ ನಂತರವೂ ಪವಾಡಗಳು ನಿಲ್ಲಲಿಲ್ಲ. 2017–18ರಲ್ಲಿ ಮಿನರ್ವಾ ಪಂಜಾಬ್ ಗೆದ್ದಿತು, ಭೂತಾನದ ಚೆಂಚೊ ಗೈಲ್ಟ್‌ಶೆನ್ ಗೋಲುಗಳ ಬಲದಿಂದ. ಮರುವರ್ಷ ಚೆನ್ನೈ ಸಿಟಿ. ಹೆಸರು ಚೆನ್ನೈ, ಆಡಿದ್ದು ಕೊಯಮತ್ತೂರಿನಲ್ಲಿ. ಕೊನೆಯ ದಿನ ಮಿನರ್ವಾ ವಿರುದ್ಧ ಹಿಂದೆ ಬಿದ್ದಿದ್ದ ತಂಡ 3–1ರಿಂದ ಗೆದ್ದಿತು. ಎರಡು ಗೋಲು ಹೊಡೆದದ್ದು ಡಿಫೆಂಡರ್ ಗೌರವ್ ಬೋರಾ. ಈಸ್ಟ್ ಬೆಂಗಾಲ್‌ಗೆ ಒಂದೇ ಪಾಯಿಂಟಿನಿಂದ ಪಟ್ಟ ತಪ್ಪಿತು. ಅದೇ ಚೆನ್ನೈ ಸಿಟಿ 2021ರ ಹೊತ್ತಿಗೆ ಐ–ಲೀಗ್‌ನಿಂದಲೇ ಮಾಯ. ಈ ದೇಶದಲ್ಲಿ ಚಾಂಪಿಯನ್ ಆದರೂ ನಾಳೆ ಇರುತ್ತೇವೆ ಅನ್ನುವ ಖಾತ್ರಿ ಇಲ್ಲ. ಜೆಸಿಟಿ 2011ರಲ್ಲಿ ತಂಡ ಮುಚ್ಚಿತು, ಮಹೀಂದ್ರಾ ಯುನೈಟೆಡ್ ಅದಕ್ಕಿಂತ ಒಂದು ವರ್ಷ ಮೊದಲೇ. ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ 2014–15ರಲ್ಲಿ ಮೂರನೇ ಸ್ಥಾನ ಪಡೆದು, ಮುಂದಿನ ಋತುವಿಗೆ ಬರಲೇ ಇಲ್ಲ.

ಕ್ಲಬ್ ನಡೆಸುವುದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಪ್ರಯಾಣ ನೋಡಿ ಸಾಕು. ಐಜ್ವಾಲ್ ತಂಡ ಶ್ರೀನಗರದಲ್ಲಿ ಆಡಬೇಕು ಅಂದುಕೊಳ್ಳಿ. ಲೆಂಗ್‌ಪುಯಿಯಿಂದ ವಿಮಾನ ಹತ್ತಿ, ಕೋಲ್ಕತ್ತ ಅಥವಾ ದೆಹಲಿಯಲ್ಲಿ ಬದಲಾಯಿಸಿ, ಅಲ್ಲಿಂದ ಕಾಶ್ಮೀರ. ಆಟಗಾರರು, ಕೋಚ್, ಫಿಸಿಯೊ, ಸಾಮಾನು ಎಲ್ಲ ಸೇರಿ. ಹೋದಮೇಲೆ ಹಿಮ ಬಿದ್ದು ಪಂದ್ಯ ಮುಂದೂಡಿದರೆ ಹೋಟೆಲ್ ಖರ್ಚು ಮೇಲೆ. ಇಷ್ಟಾದರೂ ಪಂದ್ಯ ಟಿವಿಯಲ್ಲಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ವರ್ಷಕ್ಕೊಂದು ಚಾನೆಲ್ ಬದಲಾದರೆ ಯಾವ ಪ್ರಾಯೋಜಕ ಕೈಬಿಚ್ಚಿ ದುಡ್ಡು ಕೊಡುತ್ತಾನೆ ಹೇಳಿ.

ಶ್ರೀನಗರದ ಹೆಸರು ಬಂತಲ್ಲ, ರಿಯಲ್ ಕಾಶ್ಮೀರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2014ರ ಪ್ರವಾಹದ ನಂತರ ಹುಡುಗರಿಗೆ ಮಾಡಲು ಏನಾದರೂ ಇರಲಿ ಅಂತ ಇಬ್ಬರು ಗೆಳೆಯರು, ಶಮೀಮ್ ಮೆಹರಾಜ್ ಮತ್ತು ಸಂದೀಪ್ ಚಟ್ಟೂ, ಕಟ್ಟಿದ ಕ್ಲಬ್ ಇದು. ಒಬ್ಬರು ಪತ್ರಕರ್ತ, ಇನ್ನೊಬ್ಬರು ಹೋಟೆಲ್ ಉದ್ಯಮಿ. ಸ್ಕಾಟ್ಲೆಂಡಿನ ಡೇವಿಡ್ ರಾಬರ್ಟ್‌ಸನ್ ಕೋಚ್ ಆಗಿ ಬಂದರು. 2018ರ ಮೇ ತಿಂಗಳಲ್ಲಿ ಅವರು ಐ–ಲೀಗ್‌ಗೆ ಬಡ್ತಿ ಪಡೆದದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ, ಹಿಂದೂಸ್ತಾನ್ ಎಫ್‌ಸಿಯನ್ನು 3–2ರಿಂದ ಸೋಲಿಸಿ. ಕಾಶ್ಮೀರ ಕಣಿವೆಯ ಕ್ಲಬ್ಬೊಂದು ದೇಶದ ದೊಡ್ಡ ಲೀಗ್‌ಗೆ ಕಾಲಿಡುವ ದಾರಿ ನಮ್ಮ ಊರಿನ ಹುಲ್ಲಿನ ಮೇಲೆ ಹಾದುಹೋಯಿತು. ಮುಂದಿನ ವರ್ಷ ಪುಲ್ವಾಮಾ ದಾಳಿಯ ನಂತರ ಮಿನರ್ವಾ ಶ್ರೀನಗರಕ್ಕೆ ಬಂದು ಆಡಲಿಲ್ಲ. ಆದರೂ ಆ ಕ್ಲಬ್ ಉಳಿದುಕೊಂಡಿತು. ಟಿಆರ್‌ಸಿ ಅಂಗಳದಲ್ಲಿ ಫಿರನ್ ಅನ್ನುವ ಕಾಶ್ಮೀರಿ ನಿಲುವಂಗಿಯೊಳಗೆ ಕೈ ಇಟ್ಟುಕೊಂಡು ನಿಂತು ಆಟ ನೋಡುವ ಜನ ಈ ಲೀಗ್‌ನ ಆಸ್ತಿ.

ಇಂಫಾಲದ ಎರಡು ಕ್ಲಬ್‌ಗಳಿಗೆ ಅಷ್ಟು ಅದೃಷ್ಟ ಇರಲಿಲ್ಲ. ನೆರೋಕಾ ಮತ್ತು ಟ್ರಾವು. 2023ರಲ್ಲಿ ಮಣಿಪುರ ಹೊತ್ತಿ ಉರಿಯತೊಡಗಿದ ಮೇಲೆ ಅವರಿಗೆ ಸ್ವಂತ ಊರಿನಲ್ಲಿ ಆಡಲು ಆಗಲಿಲ್ಲ. ತವರಿನ ಪಂದ್ಯಗಳನ್ನೂ ಬೇರೆ ರಾಜ್ಯಗಳಲ್ಲಿ ಆಡಿದರು. ಆ ಋತುವಿನ ಕೊನೆಗೆ ಎರಡೂ ಹಿಂಬಡ್ತಿ ಪಡೆದವು. ನಿಯಮ ನಿಯಮವೇ, ಒಪ್ಪುತ್ತೇನೆ. ಆದರೆ ದೇಶಕ್ಕೆ ಅಷ್ಟೊಂದು ಆಟಗಾರರನ್ನು ಕೊಟ್ಟ ಮಣಿಪುರದ ಕ್ಲಬ್‌ಗಳಿಗೆ ಆ ಒಂದು ವರ್ಷ ವಿನಾಯಿತಿ ಕೊಡಬಹುದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಇನ್ನು ಬಾಗಿಲಿನ ಮಾತಿಗೆ ಬರೋಣ. 2019ರಲ್ಲಿ ಜಗಳ ಜೋರಾಯಿತು. ಐ–ಲೀಗ್ ಕ್ಲಬ್‌ಗಳು ಸೂಪರ್ ಕಪ್ ಬಹಿಷ್ಕರಿಸಿದವು, ಪ್ರಧಾನಿಗೆ ಪತ್ರ ಬರೆದವು. ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟದವರು ಎಲ್ಲರನ್ನೂ ಕೂರಿಸಿ ಒಂದು ನಕ್ಷೆ ಹಾಕಿಕೊಟ್ಟರು. ಐಎಸ್‌ಎಲ್ ಮೊದಲ ದರ್ಜೆ. 2022–23ರಿಂದ ಐ–ಲೀಗ್ ಗೆದ್ದವರಿಗೆ ಐಎಸ್‌ಎಲ್‌ಗೆ ಬಡ್ತಿ, ಫ್ರಾಂಚೈಸಿ ಶುಲ್ಕ ಕೊಡಬೇಕಿಲ್ಲ, ಆದರೆ ಕ್ಲಬ್ ಲೈಸೆನ್ಸಿನ ಷರತ್ತುಗಳನ್ನು ಪೂರೈಸಬೇಕು. 2024–25ರ ಹೊತ್ತಿಗೆ ಬಡ್ತಿ, ಹಿಂಬಡ್ತಿ ಎರಡೂ.

ಇದರ ಮೊದಲ ಅರ್ಧ ನಡೆಯಿತು. ಗೋಕುಲಂ ಕೇರಳಕ್ಕೆ ಮಾತ್ರ ಅದು ತಡವಾಗಿ ಬಂತು. 2020–21 ಮತ್ತು 2021–22, ಎರಡು ವರ್ಷ ಸತತವಾಗಿ ಗೆದ್ದ ಕ್ಲಬ್ ಅದು. ಐ–ಲೀಗ್‌ನಲ್ಲಿ ಪಟ್ಟ ಉಳಿಸಿಕೊಂಡ ಮೊದಲ ತಂಡ. ಎರಡನೆಯದನ್ನು ಗೆದ್ದದ್ದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಮೊಹಮ್ಮಡನ್ ಸ್ಪೋರ್ಟಿಂಗ್ ವಿರುದ್ಧ ಅವರದ್ದೇ ಜನರ ಮುಂದೆ 2–1ರಿಂದ. ಗೋಕುಲಂಗೆ ಬಡ್ತಿ ಇರಲಿಲ್ಲ. ಮರುವರ್ಷ ಗೆದ್ದ ಪಂಜಾಬಿಗೆ ಇತ್ತು. ಹಳೆಯ ಮಿನರ್ವಾ ಈಗಿನ ಪಂಜಾಬ್ ಎಫ್‌ಸಿ, ಆಟ ಗೆದ್ದು ಐಎಸ್‌ಎಲ್‌ಗೆ ಹತ್ತಿದ ಮೊದಲ ಕ್ಲಬ್. ಅದರ ಮುಂದಿನ ವರ್ಷ, 2024ರ ಏಪ್ರಿಲ್ 6ರಂದು, ಶಿಲ್ಲಾಂಗ್‌ನಲ್ಲಿ ಲಾಜಾಂಗ್ ವಿರುದ್ಧ 2–1ರಿಂದ ಗೆದ್ದು ಮೊಹಮ್ಮಡನ್ ಹತ್ತಿತು. 1891ರಲ್ಲಿ ಹುಟ್ಟಿದ ಕ್ಲಬ್ ಕೊನೆಗೂ ದೇಶದ ಲೀಗ್ ಗೆದ್ದಿತ್ತು.

ಮೇಲೆ ಹೋದ ಮೊಹಮ್ಮಡನ್‌ಗೆ ಏನಾಯಿತು? ಸಂಬಳದ ತಕರಾರು, ಸೋಲಿನ ಮೇಲೆ ಸೋಲು, 13 ತಂಡಗಳಲ್ಲಿ ಕೊನೆಯ ಸ್ಥಾನ. ನಕ್ಷೆಯ ಪ್ರಕಾರ ಅದು ಕೆಳಗೆ ಬರಬೇಕಿತ್ತು. ಬರಲಿಲ್ಲ. ಐಎಸ್‌ಎಲ್‌ನಿಂದ ಯಾರೂ ಕೆಳಗೆ ಬರಲಿಲ್ಲ. ಹೀಗಿದ್ದರೆ ಮೇಲಿನ ಲೀಗ್‌ನಲ್ಲಿ ಜನವರಿಯ ಹೊತ್ತಿಗೆ ಕೆಳಗಿನ ನಾಲ್ಕೈದು ತಂಡಗಳಿಗೆ ಆಡಲು ಕಾರಣವೇ ಇರುವುದಿಲ್ಲ. ಸೋತರೂ ನಡೆಯುತ್ತದೆ, ಗೆದ್ದರೂ ನಡೆಯುತ್ತದೆ. ಎರಡನೇ ಲೀಗ್‌ಗೂ ನಷ್ಟ. ಇಳಿದು ಬರುವ ದೊಡ್ಡ ಕ್ಲಬ್ ತನ್ನ ಜೊತೆ ಜನರನ್ನು ತರುತ್ತದೆ, ಕ್ಯಾಮೆರಾ ತರುತ್ತದೆ, ಪ್ರಾಯೋಜಕರನ್ನು ತರುತ್ತದೆ. ಹತ್ತುವವರು ಮಾತ್ರ ಇದ್ದು ಇಳಿಯುವವರು ಇಲ್ಲದಿದ್ದರೆ ಕೆಳಗಿನ ಲೀಗ್ ವರ್ಷ ವರ್ಷವೂ ತನ್ನ ಒಳ್ಳೆಯ ತಂಡವನ್ನು ಕಳೆದುಕೊಳ್ಳುತ್ತ ಹೋಗುತ್ತದೆ.

2024–25ರ ಐ–ಲೀಗ್ ಹೇಗೆ ಮುಗಿಯಿತು ಅಂತ ಹೇಳಲೇಬೇಕು. ಏಪ್ರಿಲ್ 6, ಕೊನೆಯ ದಿನ. ನಾಲ್ಕು ಕ್ಲಬ್‌ಗಳಿಗೆ ಪಟ್ಟದ ಆಸೆ. ಶ್ರೀನಗರದಲ್ಲಿ ಚರ್ಚಿಲ್ ಬ್ರದರ್ಸ್, ರಿಯಲ್ ಕಾಶ್ಮೀರ ವಿರುದ್ಧ 1–1 ಡ್ರಾ. ಕೋಝಿಕ್ಕೋಡ್‌ನಲ್ಲಿ ಗೋಕುಲಂ ಮೂರು ಗೋಲು ಹೊಡೆದು ಡೆಂಪೊ ಎದುರು 3–4ರಿಂದ ಸೋತಿತು. ಇಂಟರ್ ಕಾಶಿ 3–1ರಿಂದ ಗೆದ್ದಿತು. ಚರ್ಚಿಲ್ 40 ಪಾಯಿಂಟ್, ಕಾಶಿ 39. ಇಷ್ಟಕ್ಕೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಜನವರಿಯಲ್ಲಿ ನಾಮಧಾರಿ ಎಫ್‌ಸಿ ವಿರುದ್ಧ ಕಾಶಿ 0–2ರಿಂದ ಸೋತಿತ್ತು. ಆದರೆ ಆ ಪಂದ್ಯದಲ್ಲಿ ನಾಮಧಾರಿ, ಅಮಾನತಿನಲ್ಲಿದ್ದ ಆಟಗಾರನನ್ನು ಆಡಿಸಿತ್ತು. ಎಐಎಫ್‌ಎಫ್‌ನ ಶಿಸ್ತು ಸಮಿತಿ ಕಾಶಿಗೆ ಮೂರು ಪಾಯಿಂಟ್ ಕೊಟ್ಟಿತು. ಮೇಲ್ಮನವಿ ಸಮಿತಿ ಅದನ್ನು ತಳ್ಳಿಹಾಕಿತು. ಚರ್ಚಿಲ್ ಚಾಂಪಿಯನ್ ಅಂತ ಘೋಷಣೆಯಾಯಿತು. ಕಾಶಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಕಾಶಿಯ ಸ್ಪೇನ್ ಆಟಗಾರನೊಬ್ಬನನ್ನು ಮತ್ತೆ ನೋಂದಾಯಿಸಿದ್ದರ ಬಗ್ಗೆ ಬೇರೆ ಕ್ಲಬ್‌ಗಳು ಇನ್ನೊಂದು ತಕರಾರು ತೆಗೆದವು. ಅದೂ ಅಲ್ಲಿಗೇ ಹೋಯಿತು. ಎರಡರಲ್ಲೂ ಕಾಶಿ ಗೆದ್ದಿತು. ಜುಲೈ 18ರಂದು, ಕೊನೆಯ ಪಂದ್ಯ ಮುಗಿದು ಮೂರು ತಿಂಗಳ ಮೇಲೆ, ಚಾಂಪಿಯನ್ ಇಂಟರ್ ಕಾಶಿ ಅಂತ ತೀರ್ಮಾನವಾಯಿತು. 42 ಪಾಯಿಂಟ್.

ಕಾಶಿ ನ್ಯಾಯವಾಗಿಯೇ ಗೆದ್ದಿತು ಅಂತ ನಾನು ನಂಬುತ್ತೇನೆ. ನನ್ನ ಬೇಸರ ಬೇರೆ. ಜನವರಿಯಲ್ಲಿ ಆದ ತಪ್ಪಿಗೆ ಜನವರಿಯಲ್ಲೇ ತೀರ್ಪು ಬಂದಿದ್ದರೆ, ಕೊನೆಯ ದಿನ ಮೂರೂ ಅಂಗಳಗಳಲ್ಲಿದ್ದ ಆಟಗಾರರಿಗೆ ತಾವು ಏನಕ್ಕಾಗಿ ಓಡುತ್ತಿದ್ದೇವೆ ಅಂತ ಗೊತ್ತಿರುತ್ತಿತ್ತು. ಗೋವಾದಲ್ಲಿ ಜನ ಸಂಭ್ರಮಿಸಿದರು, ಆಮೇಲೆ ಅದು ಅವರದ್ದಲ್ಲ ಅಂತ ಆಯಿತು. ಇನ್ನೊಂದು ಮಾತು. ವಾರಾಣಸಿ ಹೆಸರಿನ ಈ ಕ್ಲಬ್ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ಬಂಗಾಳದ ಕಲ್ಯಾಣಿಯಲ್ಲಿ. ಕಾಶಿಯ ಹುಡುಗರು ತಮ್ಮ ಚಾಂಪಿಯನ್ ತಂಡವನ್ನು ತಮ್ಮ ಊರಲ್ಲಿ ನೋಡಲಿಲ್ಲ. ಒಂದು ಊರಿನ ಹೆಸರು ಇಟ್ಟುಕೊಂಡರೆ ಆ ಊರಿಗೊಂದು ಅಂಗಳ ಕೊಡುವುದು ಮೊದಲ ಕೆಲಸ ಆಗಬೇಕು.

ನಮ್ಮ ರಾಜ್ಯದ್ದು? ಬೆಂಗಳೂರು ಎಫ್‌ಸಿಗಿಂತ ಬಹಳ ಹಿಂದೆಯೇ ಈ ಊರಲ್ಲಿ ಫುಟ್‌ಬಾಲ್ ಇತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ರೋವರ್ಸ್ ಕಪ್ ಗೆದ್ದಾಗ, ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಾಗಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ಕ್ಲಬ್ ಅದಾಗಿತ್ತು. 1938ರಲ್ಲೂ ಗೆದ್ದರು. ಎಚ್‌ಎಎಲ್ 2010ರಿಂದ ಎರಡು ಋತು ಐ–ಲೀಗ್ ಆಡಿ ಹಿಂಬಡ್ತಿ ಪಡೆಯಿತು. ಇತ್ತೀಚಿನದ್ದು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಕೆಳಗಿನ ದರ್ಜೆಯ ಐ–ಲೀಗ್ 3ರಿಂದ ಐ–ಲೀಗ್ 2ಕ್ಕೆ, ಅದನ್ನು ಗೆದ್ದು ಐ–ಲೀಗ್‌ಗೆ, ಬೆನ್ನುಬೆನ್ನಿಗೆ ಬಡ್ತಿ. 2024–25ರಲ್ಲಿ ಐ–ಲೀಗ್ ಆಡಿ ದೆಹಲಿ ಎಫ್‌ಸಿ ಜೊತೆ ಕೆಳಗಿಳಿಯಿತು. ಅವರ ಜಾಗಕ್ಕೆ ಡೈಮಂಡ್ ಹಾರ್ಬರ್ ಮತ್ತು ಐಜ್ವಾಲ್‌ನ ಚನ್ಮಾರಿ ಬಂದವು. ನೋಡಿ, ಐ–ಲೀಗ್‌ನ ಕೆಳಗಿನ ಬಾಗಿಲು ಎಷ್ಟು ಸರಿಯಾಗಿ ಕೆಲಸ ಮಾಡುತ್ತದೆ! ಇಬ್ಬರು ಇಳಿದರು, ಇಬ್ಬರು ಹತ್ತಿದರು, ಯಾರೂ ಕೋರ್ಟಿಗೆ ಹೋಗಲಿಲ್ಲ. ಕೆಳಗಿನವರಿಗೆ ಅನ್ವಯವಾಗುವ ನಿಯಮ ಮೇಲಿನವರಿಗೂ ಅನ್ವಯವಾಗಲಿ ಅನ್ನುವುದಷ್ಟೇ ಬೇಡಿಕೆ.

ಮಾತು ಮುಗಿದ ಮೇಲೆ ಸಭೆಯಿಂದ ಒಬ್ಬರು ಕೇಳಿದರು: “ಸರ್, ನಾಳೆ ನಮ್ಮ ಬಿಎಫ್‌ಸಿಯೇ ಕೊನೆಯ ಸ್ಥಾನಕ್ಕೆ ಬಂದರೆ? ಆಗಲೂ ಹಿಂಬಡ್ತಿ ಬೇಕು ಅಂತೀರಾ?”

ಬೇಕು ಅಂತೀನಿ. ಜಪಾನಿನ ಉದಾಹರಣೆ ಕೊಡುತ್ತೇನೆ. ಅಲ್ಲಿ ಜೆ–ಲೀಗ್ 1993ರಲ್ಲಿ 10 ತಂಡಗಳಿಂದ ಶುರುವಾಯಿತು, ನಮ್ಮ ಐಎಸ್‌ಎಲ್ ಹಾಗೆಯೇ ಇಳಿಯುವ ಭಯ ಇಲ್ಲದೆ. 1999ರಲ್ಲಿ ಅವರು ಎರಡನೇ ದರ್ಜೆ ಮಾಡಿದರು, ಬಡ್ತಿ–ಹಿಂಬಡ್ತಿ ತಂದರು. ಅದೇ ವರ್ಷ ಕೆಳಗಿಳಿದವರು ಯಾರು? ಉರಾವಾ ರೆಡ್ಸ್. ದೇಶದಲ್ಲೇ ಅತಿ ಹೆಚ್ಚು ಅಭಿಮಾನಿಗಳಿರುವ ಕ್ಲಬ್‌ಗಳಲ್ಲಿ ಒಂದು. ಯಾರೂ ನಿಯಮ ಬದಲಾಯಿಸಲಿಲ್ಲ. ಉರಾವಾ 2000ನೇ ವರ್ಷ ಎರಡನೇ ಲೀಗ್ ಆಡಿತು, ಬಡ್ತಿ ಪಡೆದು ವಾಪಸ್ ಬಂತು, 2007ರಲ್ಲಿ ಏಷ್ಯಾ ಚಾಂಪಿಯನ್ಸ್ ಲೀಗ್ ಗೆದ್ದಿತು.

ಬಿಎಫ್‌ಸಿ ಕೆಳಗೆ ಬಂದರೆ ನನಗೆ ನೋವಾಗುತ್ತದೆ. ಆದರೆ ಕಂಠೀರವಕ್ಕೆ ಐಜ್ವಾಲ್ ಬರುತ್ತದೆ, ರಿಯಲ್ ಕಾಶ್ಮೀರ ಬರುತ್ತದೆ, ಲಾಜಾಂಗ್ ಬರುತ್ತದೆ. ಅಶೋಕನಗರದಲ್ಲಿ ಐ–ಲೀಗ್ ನೋಡಿ ಬೆಳೆದ ಅಭಿಮಾನಿಗಳು ನಾವು. ಟಿಕೆಟ್ ತಗೊಂಡು ಹೋಗೋಣ.